ಹೆಚ್.ಎಂ. ಮೇಡಂ ಅವರನ್ನು ‘ಗಂಭೀರ’ ಅನ್ನಬಹುದೇ?

ಪ್ರಶ್ನೆ: ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕ. ನಮ್ಮ ಹೆಚ್.ಎಂ. ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆ ದಿನ ಓದಿ ಕೊಡುವ ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಗಂಭೀರ ವ್ಯಕ್ತಿತ್ವದ ತಾವು’ ಎಂದು ಶುರು ಮಾಡಿದೆ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದ್ದೇ ತಡ, ಆಕ್ಷೇಪ ಎದ್ದಿತು. ಒಬ್ಬರು ‘ಪೇಷೆಂಟ್ ಸ್ಥಿತಿ ಗಂಭೀರ ಅಂದ ಹಾಗಿದೆ’ ಎಂದರು. ಇನ್ನೊಬ್ಬರು ‘ಮೇಡಂ ನಗೋದೇ ಇಲ್ಲ ಅಂತ ಅರ್ಥ ಬರುತ್ತೆ’ ಎಂದರು. ಹಿರಿಯರೊಬ್ಬರು ‘ಅದು ಗಂಡಸರಿಗೆ ಹೇಳುವ ಗುಣ, ಹೆಂಗಸರಿಗೆ ಸೌಮ್ಯ ಅನ್ನಬೇಕು’ ಎಂದರು. ‘ಗಂ’ ಮತ್ತು ‘ಭೀರು’ ಸೇರಿ ಈ ಪದ ಹುಟ್ಟಿದೆ, ಭಯ ಹುಟ್ಟಿಸುವವರು ಎಂದೇ ಮೂಲ ಅರ್ಥ ಎಂದು ಯಾರೋ ವಾಟ್ಸಾಪ್ ಸಂದೇಶ ತೋರಿಸಿದರು. ಇಂಗ್ಲಿಷ್ ಮೇಷ್ಟ್ರು ‘ಸೋಬರ್ ಅಂತ ಹಾಕಿಬಿಡಿ’ ಎನ್ನುತ್ತಾರೆ.

ನನ್ನ ಮನಸ್ಸಿನಲ್ಲಿರುವುದು ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಬಿಸಿಯೂಟದ ಸಾಂಬಾರಿನಲ್ಲಿ ಹಲ್ಲಿ ಸಿಕ್ಕಿತು. ಅಷ್ಟರಲ್ಲಿ ಅರ್ಧ ಮಕ್ಕಳು ಉಂಡಾಗಿತ್ತು. ನಾವೆಲ್ಲ ಕೈಕಾಲು ಬಿಟ್ಟೆವು. ಮೇಡಂ ಮಾತ್ರ ತಟ್ಟೆಗಳನ್ನು ಕೆಳಗಿಡಿಸಿದರು, ಉಂಡ ಮಕ್ಕಳ ಹೆಸರು ಬರೆಸಿದರು, 108ಕ್ಕೆ ಫೋನ್ ಮಾಡಿದರು, ಅಳುತ್ತಿದ್ದ ಅಡುಗೆಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ದನಿ ಒಂದಿಷ್ಟೂ ಏರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನಾನು ರಿಜಿಸ್ಟರ್ ಇಡಲು ಆಫೀಸಿಗೆ ಹೋದೆ. ಮೇಡಂ ಒಬ್ಬರೇ ಕೂತು ಅಳುತ್ತಿದ್ದರು. ಈ ಗುಣಕ್ಕೆ ಯಾವ ಪದ ಹೇಳಬೇಕು? ‘ಗಂಭೀರ’ ತಪ್ಪೇ?

ಉತ್ತರ: ಮೇಷ್ಟ್ರೇ, ತಪ್ಪಲ್ಲ. ನೀವು ಹೇಳಿದ ಆ ಸಂಜೆಯನ್ನು ಓದಿದ ಮೇಲೆ ಇದಕ್ಕಿಂತ ಸರಿಯಾದ ಪದ ಇಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ನಿಮ್ಮ ಸಹೋದ್ಯೋಗಿಗಳ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬಿನ್ನವತ್ತಳೆ ಎಂದರೆ ನಿಘಂಟು ಹಿಡಿದು ಕೂತವರು ಓದುವ ಬರಹ ಅಲ್ಲ. ಶಾಮಿಯಾನದ ಕೆಳಗೆ, ಮೈಕಿನಲ್ಲಿ, ಮಕ್ಕಳ ಮತ್ತು ಊರವರ ಎದುರು ಓದುವಂಥದ್ದು. ಪದದ ಮೂಲ ಅರ್ಥ ಒಂದಾದರೆ, ಅದು ಕಿವಿಗೆ ಬಿದ್ದಾಗ ಹೊಳೆಯುವ ಅರ್ಥ ಇನ್ನೊಂದು. ಎರಡನ್ನೂ ನೋಡಬೇಕು.

ನಾನು ಬಹಳ ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿ, ಆಮೇಲೆ ನಿಘಂಟಿನ ಕರಡು ತಿದ್ದುವ ಕೆಲಸ ಮಾಡಿದವನು. ಹೊಗಳುವ ಪದಗಳ ಬಗ್ಗೆಯೇ ನನಗೆ ಜಾಸ್ತಿ ಪತ್ರಗಳು ಬರುತ್ತವೆ. ಬೈಯುವಾಗ ಯಾರಿಗೂ ಅನುಮಾನ ಬರುವುದಿಲ್ಲ. ಹೊಗಳುವಾಗಲೇ ‘ಇದು ಸರಿಯಾ’ ಎಂದು ಕೈ ತಡೆಯುತ್ತದೆ.

ಮೊದಲು ಆ ವಾಟ್ಸಾಪ್ ಸಂದೇಶದ ವಿಷಯ ಮುಗಿಸಿಬಿಡೋಣ. ‘ಭೀರು’ ಎಂದರೆ ಹೆದರುವವನು, ಅಂಜುಬುರುಕ. ಹೆದರಿಸುವವನು ಅಲ್ಲ. ಹೆದರಿಕೆ ಹುಟ್ಟಿಸುವಂಥದ್ದು ‘ಭೀಕರ’, ‘ಭೀಮ’. ಹಾಗಾಗಿ ‘ಭೀರು’ ಸೇರಿದ್ದರೂ ಅವರು ಹೇಳುವ ಅರ್ಥ ಬರುತ್ತಿರಲಿಲ್ಲ. ಅದಿರಲಿ, ಈ ಪದದಲ್ಲಿ ಭಯದ ಸುಳಿವೇ ಇಲ್ಲ. ‘ಗಭೀರ’ ಎಂದು ಅನುಸ್ವಾರ ಇಲ್ಲದ ರೂಪವೂ ಇದಕ್ಕಿದೆ. ವೇದದಲ್ಲಿ ಎರಡೂ ರೂಪ ಸಿಗುತ್ತವೆ. ‘ಗಭೀರ’ದಲ್ಲಿ ‘ಗಂ’ ಎಂಬ ತುಂಡೇ ಇಲ್ಲ. ಇಷ್ಟಕ್ಕೇ ಆ ಕಥೆ ಬಿದ್ದುಹೋಗುತ್ತದೆ.

ಹಾಗಾದರೆ ಮೂಲ ಅರ್ಥ ಏನು? ಆಳ. ಬರೀ ಆಳ. ಅದರಲ್ಲೂ ನೀರಿನ ಆಳ.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೃಷ್ಟಿಯ ಬಗ್ಗೆ ಕೇಳುವ ಒಂದು ಸೂಕ್ತ ಇದೆ. ನಾಸದೀಯ ಸೂಕ್ತ ಎನ್ನುತ್ತಾರೆ. ಏನೂ ಇಲ್ಲದಿದ್ದಾಗ ಏನಿತ್ತು ಎಂದು ಕೇಳುತ್ತಾ ಅದರ ಮೊದಲನೆಯ ಮಂತ್ರ ‘ಅಂಭಃ ಕಿಮಾಸೀದ್ ಗಹನಂ ಗಭೀರಮ್’ ಎಂದು ಮುಗಿಯುತ್ತದೆ. ಅಂಭಸ್ ಎಂದರೆ ನೀರು. ಹೊಕ್ಕಲಾಗದ, ಆಳವಾದ ನೀರು ಇತ್ತೇ ಎಂದು ಪ್ರಶ್ನೆ. ಅಲ್ಲಿ ‘ಗಭೀರ’ ಯಾರ ಮುಖವನ್ನೂ ವರ್ಣಿಸುತ್ತಿಲ್ಲ. ಕಣ್ಣಿಗೆ ತಳ ಕಾಣದ ನೀರನ್ನು ತೋರಿಸುತ್ತಿದೆ.

ಹಳೆಯ ವೈಯಾಕರಣರು ಈ ಪದವನ್ನು ‘ಗಮ್’ ಎಂಬ ಧಾತುವಿನಿಂದ ಬಿಡಿಸುತ್ತಾರೆ. ಗಮ್ ಎಂದರೆ ಹೋಗು. ‘ಗಚ್ಛತಿ ಜಲಮ್ ಅತ್ರ’, ಎಂದರೆ ನೀರು ಹೋಗಿ ಸೇರುವ ಜಾಗ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ಮಳೆ ಬಂದಾಗ ನೀರೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅದೇ ಆಳ. ಈಗಿನ ಭಾಷಾವಿಜ್ಞಾನಿಗಳು ಬೇರೆ ದಾರಿ ಹಿಡಿಯುತ್ತಾರೆ. ಇರಾನಿನ ಹಳೆಯ ಅವೆಸ್ತಾ ಭಾಷೆಯಲ್ಲಿ ಆಳಕ್ಕೆ ‘ಜಫ್ರ’ ಎನ್ನುತ್ತಾರೆ. ಇಂದಿನ ಪಾರಸಿಯಲ್ಲಿ ಅದು ‘ಝರ್ಫ್’ ಆಗಿದೆ. ನಮ್ಮ ‘ಗಭೀರ’ವೂ ಅವೂ ಒಂದೇ ಮನೆಯ ಮಕ್ಕಳು. ವ್ಯುತ್ಪತ್ತಿಯ ದಾರಿ ಯಾವುದೇ ಹಿಡಿಯಿರಿ, ತಲುಪುವ ಅರ್ಥ ಆಳವೇ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಅಮರಕೋಶದ್ದು. ಹಿಂದಿನ ಕಾಲದಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಈ ಪದಕೋಶದಲ್ಲಿ ಪದಗಳನ್ನು ವಿಷಯದ ಪ್ರಕಾರ ಗುಂಪು ಮಾಡಿದ್ದಾರೆ. ‘ಗಂಭೀರ’ ಎಲ್ಲಿದೆ ಅಂತೀರಿ? ಮನುಷ್ಯರ ಗುಣಗಳ ಜೊತೆ ಅಲ್ಲ. ವಾರಿವರ್ಗದಲ್ಲಿ, ಎಂದರೆ ನೀರಿನ ವಿಭಾಗದಲ್ಲಿ. ‘ನಿಮ್ನಂ ಗಭೀರಂ ಗಂಭೀರಂ’ ಎಂದು ಹೇಳಿ, ಅದಕ್ಕೆ ವಿರುದ್ಧ ‘ಉತ್ತಾನ’, ಎಂದರೆ ಆಳವಿಲ್ಲದ್ದು ಎನ್ನುತ್ತದೆ. ಅದರ ಮುಂದಿನ ಪದ ‘ಅಗಾಧ’, ತಳ ಮುಟ್ಟಲಾಗದ್ದು. ಅದಾದ ಮೇಲೆ ಬರುವುದು ಮೀನುಗಾರರ ಹೆಸರುಗಳು! ಆಳ ನೀರು, ತಳ ಸಿಗದ ನೀರು, ಅದರ ಮೇಲೆ ದೋಣಿ ಬಿಡುವ ಬೆಸ್ತರು. ‘ಗಂಭೀರ’ ಹುಟ್ಟಿ ಬೆಳೆದ ಊರು ಅದು.

ನೀರಿನಿಂದ ಮನುಷ್ಯನಿಗೆ ಈ ಪದ ಹೇಗೆ ಬಂತು? ಕೆರೆಯ ಅಂಚಿನಲ್ಲಿ ನಿಂತು ನೋಡಿ. ಮೊಣಕಾಲುದ್ದ ನೀರಿಗೆ ಒಂದು ಕಲ್ಲು ಎಸೆದರೆ ಕೆಸರು ಏಳುತ್ತದೆ, ನೀರೆಲ್ಲ ರಾಡಿಯಾಗುತ್ತದೆ. ನಡುನೀರಿಗೆ ಅದೇ ಕಲ್ಲು ಎಸೆಯಿರಿ. ಮೇಲೆ ಒಂದು ಅಲೆ ಎದ್ದು ಹರಡುತ್ತದೆ, ಅಷ್ಟೇ. ಕಲ್ಲು ಒಳಗೆ ಹೋಗಿದೆ, ತಳವನ್ನೂ ಮುಟ್ಟಿದೆ. ಮೇಲೆ ಬಣ್ಣ ಬದಲಾಗಿಲ್ಲ. ನಮ್ಮ ಹಿರಿಯರು ಮನುಷ್ಯರಲ್ಲಿ ಇದನ್ನೇ ಕಂಡು ‘ಗಾಂಭೀರ್ಯ’ ಎಂದರು.

ವಾಲ್ಮೀಕಿ ರಾಮಾಯಣದ ಮೊದಲನೆಯ ಸರ್ಗದಲ್ಲೇ ನಾರದರು ರಾಮನ ಗುಣ ಹೇಳುವಾಗ ‘ಸಮುದ್ರ ಇವ ಗಾಂಭೀರ್ಯೇ ಧೈರ್ಯೇಣ ಹಿಮವಾನಿವ’ ಎನ್ನುತ್ತಾರೆ. ಗಾಂಭೀರ್ಯಕ್ಕೆ ಸಮುದ್ರದ ಹೋಲಿಕೆ, ಧೈರ್ಯಕ್ಕೆ ಹಿಮಾಲಯದ್ದು. ಇಲ್ಲಿ ಧೈರ್ಯ ಎಂದರೆ ನಾವು ಇವತ್ತು ಹೇಳುವ ಎದೆಗಾರಿಕೆ ಮಾತ್ರ ಅಲ್ಲ, ಅಲುಗಾಡದೆ ನಿಲ್ಲುವುದು. ಸಮುದ್ರಕ್ಕೆ ಅಲೆ ಇಲ್ಲವೇ? ಭೋರ್ಗರೆತ ಇಲ್ಲವೇ? ಎಲ್ಲ ಇದೆ. ಆದರೂ ಅದು ಗಂಭೀರ. ‘ಗಂಭೀರ ಎಂದರೆ ನಗದವರು’ ಎನ್ನುವವರಿಗೆ ನಾನು ಕೊಡುವ ಮೊದಲ ಉತ್ತರ ಇದೇ.

ನಾಟಕದ ಶಾಸ್ತ್ರ ಬರೆದವರು ಇದಕ್ಕೆ ಸರಿಯಾದ ಲಕ್ಷಣವನ್ನೇ ಕೊಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರ ನಾಯಕನ ಎಂಟು ಗುಣ ಎಣಿಸುತ್ತದೆ. ಅದರಲ್ಲಿ ಸ್ಥೈರ್ಯ ಒಂದು, ಗಾಂಭೀರ್ಯ ಇನ್ನೊಂದು. ಎರಡೂ ಬೇರೆ ಬೇರೆ ಎಂಬುದನ್ನು ಗಮನಿಸಿ. ವಿಘ್ನ ಬಂದರೂ ಹಿಡಿದ ಕೆಲಸ ಬಿಡದಿರುವುದು ಸ್ಥೈರ್ಯ. ಹತ್ತನೆಯ ಶತಮಾನದಲ್ಲಿ ಧನಂಜಯ ಬರೆದ ದಶರೂಪಕದಲ್ಲಿ ಗಾಂಭೀರ್ಯಕ್ಕೆ ಅರ್ಧ ಸಾಲಿನ ಲಕ್ಷಣ ಇದೆ: ‘ಗಾಂಭೀರ್ಯಂ ಯತ್ಪ್ರಭಾವೇನ ವಿಕಾರೋ ನೋಪಲಕ್ಷ್ಯತೇ’. ಯಾವುದರ ಬಲದಿಂದ ವಿಕಾರ ಕಾಣಿಸುವುದಿಲ್ಲವೋ ಅದು ಗಾಂಭೀರ್ಯ. ಭರತ ಇನ್ನೂ ಬಿಡಿಸಿ ಹೇಳಿದ್ದಾನೆ. ಹರ್ಷ, ಕೋಪ, ಭಯ ಇಂಥವು ಬಂದಾಗಲೂ ಮುಖಚರ್ಯೆಯಲ್ಲಿ ಗೊತ್ತಾಗದಿರುವುದು.

‘ನೋಪಲಕ್ಷ್ಯತೇ’ ಎಂಬ ಪದವನ್ನು ಒಂದು ಗಳಿಗೆ ನಿಂತು ನೋಡಿ ಮೇಷ್ಟ್ರೇ. ಕಾಣಿಸುವುದಿಲ್ಲ ಎಂದಿದೆ, ಇರುವುದಿಲ್ಲ ಎಂದಿಲ್ಲ. ಭಯ ಇದೆ. ದುಃಖ ಇದೆ. ಅದು ಮೇಲೆ ಬಂದು ಎದುರಿಗಿದ್ದವರನ್ನು ಕಲಕುವುದಿಲ್ಲ, ಅಷ್ಟೇ. ಕಾವ್ಯಶಾಸ್ತ್ರದವರು ಇದಕ್ಕೆ ಕೊಡುವ ಹಳೆಯ ಉದಾಹರಣೆಯೂ ರಾಮನದೇ. ಪಟ್ಟಾಭಿಷೇಕಕ್ಕೆ ಕರೆದಾಗಲೂ, ಕಾಡಿಗೆ ಕಳಿಸಿದಾಗಲೂ ಅವನ ಮುಖದಲ್ಲಿ ಒಂದಿಷ್ಟೂ ಬದಲಾವಣೆ ನನಗೆ ಕಾಣಲಿಲ್ಲ ಎಂದು ನೋಡಿದವರೊಬ್ಬರು ಹೇಳುವ ಶ್ಲೋಕ ಅದು. ನಿಮ್ಮ ಮೇಡಂ ಮಧ್ಯಾಹ್ನ ದನಿ ಏರಿಸದೆ ಹೆಸರು ಬರೆಸಿದ್ದೂ ನಿಜ, ಸಂಜೆ ಅತ್ತದ್ದೂ ನಿಜ. ಎರಡೂ ಸೇರಿದರೇ ಗಾಂಭೀರ್ಯ. ಅವರಿಗೆ ಭಯವೇ ಆಗದಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿತ್ತು.

ಈಗ ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಗಾಂಭೀರ್ಯ ಗಂಡಸರ ಗುಣ ಎಂದರಲ್ವಾ? ಅವರು ಎಲ್ಲೋ ಓದಿದ್ದಾರೆ, ಸುಳ್ಳು ಹೇಳಿಲ್ಲ. ನಾಟ್ಯಶಾಸ್ತ್ರದ ಆ ಎಂಟರ ಪಟ್ಟಿ ಪುರುಷರದ್ದು. ಹೆಂಗಸರಿಗೆ ಬೇರೆ ಪಟ್ಟಿ ಇದೆ: ಶೋಭಾ, ಕಾಂತಿ, ದೀಪ್ತಿ, ಮಾಧುರ್ಯ, ಧೈರ್ಯ, ಪ್ರಾಗಲ್ಭ್ಯ, ಔದಾರ್ಯ. ಆದರೆ ಆ ಪಟ್ಟಿಯಲ್ಲಿರುವ ‘ಧೈರ್ಯ’ಕ್ಕೆ ಕೊಟ್ಟ ಅರ್ಥ ನೋಡಿ. ಚಪಲತೆ ಮುಟ್ಟದ, ತನ್ನನ್ನು ತಾನು ಹೊಗಳಿಕೊಳ್ಳದ ಮನಸ್ಸಿನ ಸ್ವಭಾವ. ಗಂಡಸಿಗೆ ಗಾಂಭೀರ್ಯ ಎಂದು ಯಾವುದನ್ನು ಮೆಚ್ಚಿದರೋ ಬಹುಪಾಲು ಅದನ್ನೇ ಹೆಣ್ಣಿಗೆ ಧೈರ್ಯ ಎಂದು ಕರೆದಿದ್ದಾರೆ. ಅದೂ ರಂಗದ ಮೇಲಿನ ಪಾತ್ರಗಳಿಗೆ ಮಾಡಿದ ವಿಂಗಡಣೆ. ನಾವು ಮಾತಾಡುವ ಕನ್ನಡ ಆ ಗೆರೆ ಹಾಕಿಕೊಂಡಿಲ್ಲ. ‘ಆಯಮ್ಮ ಎಷ್ಟು ಗಂಭೀರವಾಗಿ ನಡ್ಕೋತಾರೆ’ ಎಂದು ನಮ್ಮ ಮನೆಗಳಲ್ಲಿ ಹೇಳಿಯೇ ಹೇಳುತ್ತೇವೆ. ಆ ಆಕ್ಷೇಪಕ್ಕಾಗಿ ಪದ ಬಿಡಬೇಡಿ.

ಅವರು ಸೂಚಿಸಿದ ‘ಸೌಮ್ಯ’ ಒಳ್ಳೆಯ ಪದ, ಆದರೆ ಬೇರೆ ಪದ. ಅದು ‘ಸೋಮ’ದಿಂದ ಬಂದದ್ದು. ಚಂದ್ರನ ತಂಪು, ಮೃದು ಎಂಬ ಭಾವ ಅದರಲ್ಲಿದೆ. ಸೌಮ್ಯ ಸ್ವಭಾವದವರು ಕಷ್ಟದ ಗಳಿಗೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ ಎಂದೇನೂ ಇಲ್ಲ. ಹಲ್ಲಿ ಬಿದ್ದ ದಿನ ಬರೀ ಸೌಮ್ಯತೆ ಇದ್ದಿದ್ದರೆ ಸಾಲುತ್ತಿರಲಿಲ್ಲ.

ಇನ್ನು ‘ಪೇಷೆಂಟ್ ಸ್ಥಿತಿ ಗಂಭೀರ’. ನಿಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ಆಕ್ಷೇಪಗಳಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದನ್ನೇ. ಪತ್ರಿಕೆ, ಟಿವಿ ನೋಡುವ ಯಾರ ಕಿವಿಗಾದರೂ ದಿನಕ್ಕೆ ನಾಲ್ಕು ಸಲ ಬೀಳುವುದು ಗಂಭೀರ ಗಾಯ, ಗಂಭೀರ ಆರೋಪ, ಗಂಭೀರ ಸಮಸ್ಯೆ. ಇಂಗ್ಲಿಷಿನ ‘ಸೀರಿಯಸ್’ ಬಂದಲ್ಲೆಲ್ಲ ಕನ್ನಡದಲ್ಲಿ ‘ಗಂಭೀರ’ ಹಾಕುವುದು ಸುದ್ದಿಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಆ ಇಂಗ್ಲಿಷ್ ಪದಕ್ಕೆ ಹಲವು ಮುಖ. ರೋಗ ಜೋರಾಗಿದ್ದರೂ ಸೀರಿಯಸ್, ತಮಾಷೆ ಮಾಡದಿದ್ದರೂ ಸೀರಿಯಸ್, ಶ್ರದ್ಧೆಯಿಂದ ಓದಿದರೂ ಸೀರಿಯಸ್. ಅದರ ಭಾರವೆಲ್ಲ ‘ಗಂಭೀರ’ದ ಮೇಲೆ ಬಿತ್ತು. ‘ಮುಖ ಗಂಭೀರ ಮಾಡ್ಕೊಂಡು ಕೂತಿದ್ದಾನೆ’ ಎಂದು ನಾವು ಹೇಳುವಾಗ ಅಲ್ಲಿ ಆಳ ಇಲ್ಲ, ಗಂಟು ಮುಖ ಇದೆ. ‘ಚಿಂತಾಜನಕ’, ‘ದೊಡ್ಡ ಏಟು’, ‘ಕಠಿಣ’, ‘ಶ್ರದ್ಧೆ’ ಎಂದು ಬೇರೆ ಬೇರೆ ಪದ ಇದ್ದ ಕಡೆಯೂ ಒಂದೇ ಪದ ಕೂತಿತು. ಇದರಿಂದ ‘ಗಂಭೀರ’ ಸೊರಗಿತು ಎಂಬುದು ನನ್ನ ನೋವು.

ಆದರೂ ಒಂದು ಮಾತು ಹೇಳಬೇಕು. ರೋಗಕ್ಕೆ ಈ ಪದ ಹೇಳುವುದೇ ತಪ್ಪು ಎನ್ನಲಾಗದು. ಆಯುರ್ವೇದದಲ್ಲಿ ವಾತರಕ್ತ ಎಂಬ ರೋಗವನ್ನು ಎರಡು ಬಗೆ ಮಾಡುತ್ತಾರೆ. ಚರ್ಮ ಮತ್ತು ಮಾಂಸದಲ್ಲಿ ಇರುವುದು ‘ಉತ್ತಾನ’, ಇನ್ನೂ ಒಳಗಿನ ಧಾತುಗಳಿಗೆ ಇಳಿದದ್ದು ‘ಗಂಭೀರ’. ಅಮರಕೋಶ ನೀರಿಗೆ ಹೇಳಿದ ಜೋಡಿಯೇ ಇಲ್ಲಿ ದೇಹಕ್ಕೆ ಬಂದಿದೆ. ಹಾಗೆ ನೋಡಿದರೆ ‘ಗಂಭೀರ ಗಾಯ’ ಎಂದರೆ ಆಳಕ್ಕೆ ಇಳಿದ ಗಾಯ. ಆಸ್ಪತ್ರೆಯವರೂ ಅರಿವಿಲ್ಲದೆ ಹಳೆಯ ಅರ್ಥವನ್ನೇ ಹೇಳುತ್ತಿದ್ದಾರೆ.

ಒಳ್ಳೆಯ ಅರ್ಥ ಇವತ್ತಿಗೂ ಜೀವಂತ ಇರುವ ಜಾಗಗಳಿವೆ. ಮೈಸೂರು ದಸರಾದಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟಾಗ ವರದಿಗಾರರು ಪ್ರತಿ ವರ್ಷ ಏನು ಹೇಳುತ್ತಾರೆ? ಗಜಗಾಂಭೀರ್ಯದ ನಡಿಗೆ. ಆನೆ ಸಿಡುಕುತ್ತಿದೆ ಎಂದು ಯಾರಾದರೂ ತಿಳಿಯುತ್ತಾರೆಯೇ? ಸುತ್ತ ಲಕ್ಷ ಜನ, ಬ್ಯಾಂಡು, ಕುಶಾಲತೋಪಿನ ಸದ್ದು. ಅದರ ನಡುವೆ ಹೆಜ್ಜೆ ತಪ್ಪದ ನಡಿಗೆ. ಸಂಗೀತದಲ್ಲೂ ಹಾಗೇ. ‘ಗಂಭೀರನಾಟ’ ಎಂಬ ರಾಗ ಇದೆ. ದೇವರ ಉತ್ಸವ ಹೊರಡುವಾಗ ನಾಗಸ್ವರದಲ್ಲಿ ಮಲ್ಲಾರಿ ನುಡಿಸುವುದು ಇದರಲ್ಲೇ. ಅದನ್ನು ಕೇಳಿದರೆ ಮನಸ್ಸು ಕುಗ್ಗುವುದಿಲ್ಲ, ಎದೆ ತುಂಬುತ್ತದೆ. ನಿಮ್ಮ ಸಹೋದ್ಯೋಗಿಗಳಿಗೆ ಶ್ಲೋಕ ಹೇಳುವ ಬದಲು ಈ ಎರಡು ಉದಾಹರಣೆ ಕೊಡಿ, ತಕ್ಷಣ ಒಪ್ಪುತ್ತಾರೆ.

ಇಂಗ್ಲಿಷ್ ಮೇಷ್ಟ್ರು ಹೇಳಿದ ‘ಸೋಬರ್’ ನಮ್ಮ ಕಡೆಯೂ ಚೆನ್ನಾಗಿ ಬಳಕೆಯಲ್ಲಿದೆ. ‘ತುಂಬಾ ಸೋಬರ್ ಮನುಷ್ಯ’ ಎಂದು ಇಂಗ್ಲಿಷ್ ಬಾರದವರೂ ಹೇಳುತ್ತಾರೆ. ಅದರ ಮೂಲ ಲ್ಯಾಟಿನ್ನಿನ ‘ಸೋಬ್ರಿಯಸ್’, ಕುಡಿದಿಲ್ಲದವನು ಎಂದು ಅರ್ಥ. ಕುಡಿದಿಲ್ಲ, ಆದ್ದರಿಂದ ತಲೆ ನೆಟ್ಟಗಿದೆ, ಆದ್ದರಿಂದ ನಡತೆ ಸಮವಾಗಿದೆ ಎಂದು ಅರ್ಥ ಬೆಳೆಯಿತು. ಇಂಗ್ಲಿಷಿನಲ್ಲಿ ಇವತ್ತಿಗೂ ಎರಡೂ ಅರ್ಥ ನಡೆಯುತ್ತವೆ. ಸ್ಟಾಫ್ ರೂಮಿನ ಮಾತಿಗೆ ಸರಿ. ನಿವೃತ್ತಿಯ ದಿನ ಕನ್ನಡದ ಬಿನ್ನವತ್ತಳೆಯಲ್ಲಿ ಅದನ್ನು ನಾನಂತೂ ಹಾಕುವುದಿಲ್ಲ.

ಲ್ಯಾಟಿನ್ ಅಂದಾಗ ಇನ್ನೊಂದು ನೆನಪಾಯಿತು. ರೋಮನ್ನರು ಈ ಗುಣವನ್ನು ಆಳದಿಂದ ಅಳೆಯಲಿಲ್ಲ, ತೂಕದಿಂದ ಅಳೆದರು. ‘ಗ್ರಾವಿಸ್’ ಎಂದರೆ ಭಾರ. ಅದರಿಂದ ‘ಗ್ರಾವಿಟಾಸ್’, ಘನವಾದ ನಡತೆ. ಈ ‘ಗ್ರಾವಿಸ್’ ಮತ್ತು ನಮ್ಮ ಸಂಸ್ಕೃತದ ‘ಗುರು’ ಒಂದೇ ಮೂಲದವು. ಗುರು ಎಂದರೆ ಮೊದಲ ಅರ್ಥ ಭಾರವಾದದ್ದು. ಛಂದಸ್ಸಿನ ಪಾಠದಲ್ಲಿ ಲಘು, ಗುರು ಎಂದು ನೀವು ಮಕ್ಕಳಿಗೆ ಹೇಳಿಕೊಡುತ್ತೀರಲ್ಲ, ಅದೇ ಗುರು. ಪಾಠ ಹೇಳುವವರಿಗೆ ಆ ಹೆಸರು ಬಂದದ್ದೂ ಈ ಭಾರದಿಂದಲೇ. ಒಬ್ಬ ಶಿಕ್ಷಕಿಯ ಬೀಳ್ಕೊಡುಗೆಯಲ್ಲಿ ಇದು ಉಪಯೋಗಕ್ಕೆ ಬಂದರೂ ಬಂದೀತು, ಇಟ್ಟುಕೊಂಡಿರಿ.

ಅಚ್ಚಗನ್ನಡವೂ ಹೆಚ್ಚಾಗಿ ತೂಕದ ದಾರಿಯನ್ನೇ ಹಿಡಿದಿದೆ. ತೂಗು, ತೂಕ. ‘ತೂಕದ ಮಾತು’, ‘ಅಳೆದು ತೂಗಿ ಮಾತಾಡುವವರು’. ಇದಕ್ಕೆ ವಿರುದ್ಧವಾದದ್ದು ‘ಹಗುರ ಮಾತು’. ಕಣದಲ್ಲಿ ತೂರುವಾಗ ಗಾಳಿಗೆ ಹಾರುವುದು ಜೊಳ್ಳು, ಬುಡದಲ್ಲೇ ಬೀಳುವುದು ಗಟ್ಟಿ ಕಾಳು. ಮನುಷ್ಯರಿಗೂ ಅದೇ ಮಾತು ಅಂಟಿತು. ನೀರಿನ ಹೋಲಿಕೆಯೂ ನಮ್ಮಲ್ಲಿ ಇಲ್ಲದಿಲ್ಲ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆ ಗಾಂಭೀರ್ಯದ ಲಕ್ಷಣವನ್ನೇ ಹೇಳುತ್ತದೆ. ದಿನವೂ ನೀರು ಹೊತ್ತವರು ಕಟ್ಟಿದ ಗಾದೆ ಅದು.

ಹಾಗಾದರೆ ‘ಗಂಭೀರ’ದ ಬದಲು ಇವುಗಳಲ್ಲಿ ಒಂದನ್ನು ಹಾಕಬಹುದೇ? ಹಾಕಬಹುದು, ಆದರೆ ಪ್ರತಿಯೊಂದಕ್ಕೂ ಒಂದು ಅಪಾಯ ಇದೆ. ‘ತೂಕದ ವ್ಯಕ್ತಿತ್ವ’ ಅರ್ಥದಲ್ಲಿ ಬಹಳ ಚೆನ್ನಾಗಿದೆ. ಮೈಕಿನಲ್ಲಿ ಓದಿದಾಗ ಮಕ್ಕಳು ಮೈತೂಕ ಎಂದು ತಿಳಿದು ನಕ್ಕರೆ ಮೇಡಂಗೆ ಮುಜುಗರ. ‘ತೂಕದ ಮಾತಿನವರು’ ಎಂದರೆ ಆ ತೊಂದರೆ ಇಲ್ಲ. ‘ಗಟ್ಟಿಗಿತ್ತಿ’ ನನಗೆ ತುಂಬಾ ಪ್ರಿಯವಾದ ಪದ. ಎಂಥಾ ಜೀವಂತ ಕನ್ನಡ! ಆದರೆ ಅದರಲ್ಲಿ ಜೋರು ಜಾಸ್ತಿ. ಎದುರಿಸಿ ಗೆದ್ದವಳು ಎಂಬ ಧ್ವನಿ ಇದೆ, ಸದ್ದಿಲ್ಲದ ಸಮಾಧಾನದ ಧ್ವನಿ ಇಲ್ಲ. ಅಲ್ಲದೆ ನಿಮಗಿಂತ ಹಿರಿಯರಾದ ಮೇಲಧಿಕಾರಿಯನ್ನು ವೇದಿಕೆಯಲ್ಲಿ ಹಾಗೆ ಕರೆಯುವುದು ಸಲಿಗೆ ಅನ್ನಿಸಬಹುದು. ‘ನಿಧಾನ ಸ್ವಭಾವ’ ಬೇಡವೇ ಬೇಡ. ಕಚೇರಿಯವರ ಕಿವಿಗೆ ಅದು ಕೆಲಸ ತಡ ಎಂದೇ ಕೇಳಿಸುತ್ತದೆ.

‘ಸ್ಥಿತಪ್ರಜ್ಞೆ’ ಎಂದು ಬರೆಯುವ ಆಸೆ ಬರಬಹುದು, ಬಿನ್ನವತ್ತಳೆಗಳಲ್ಲಿ ಅದು ಹೇರಳ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ: ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ? ಕೃಷ್ಣನ ಉತ್ತರ ಶುರುವಾಗುವುದೇ ಮನಸ್ಸಿನ ಎಲ್ಲ ಆಸೆಗಳನ್ನೂ ಬಿಟ್ಟವನು ಎಂದು. ಶಾಲೆಗೆ ಹೊಸ ಕೊಠಡಿ ಬೇಕು, ಮಕ್ಕಳಿಗೆ ಶೌಚಾಲಯ ಬೇಕು ಎಂದು ಬಿ.ಇ.ಒ. ಕಚೇರಿಗೆ ಅಲೆಯುವ ಹೆಚ್.ಎಂ.ಗಳಿಗೆ ಆಸೆ ಇರಬೇಕು. ಆ ಪದ ಅವರನ್ನು ನಮ್ಮಿಂದ ಬಹಳ ದೂರ ಕೂರಿಸುತ್ತದೆ.

‘ಧೀರೆ’ ಹೇಗೆ? ಕಾಳಿದಾಸ ಕುಮಾರಸಂಭವದಲ್ಲಿ, ಮನಸ್ಸು ಕದಡುವ ಕಾರಣ ಎದುರಿಗೇ ಇದ್ದರೂ ಯಾರ ಮನಸ್ಸು ಕದಡುವುದಿಲ್ಲವೋ ಅವರೇ ಧೀರರು ಎನ್ನುತ್ತಾನೆ. ಆ ಅರ್ಥದಲ್ಲಿ ನಿಮ್ಮ ಮೇಡಂಗೆ ಹೇಳಿ ಮಾಡಿಸಿದ ಪದ. ಆದರೆ ಕನ್ನಡದಲ್ಲಿ ‘ಧೀರೆ’ ಎಂದೊಡನೆ ಕತ್ತಿ ಹಿಡಿದ ಕಿತ್ತೂರು ಚೆನ್ನಮ್ಮ ಕಣ್ಣಿಗೆ ಬರುತ್ತಾರೆ. ಕೇಳುವವರು ಬೇರೆಯದನ್ನೇ ಊಹಿಸಿಕೊಳ್ಳುತ್ತಾರೆ. ‘ಸಮಚಿತ್ತ’ ಅಥವಾ ‘ಸ್ತಿಮಿತ’ ಪರವಾಗಿಲ್ಲ. ‘ಸ್ತಿಮಿತ’ವೂ ಮೂಲದಲ್ಲಿ ನೀರಿನ ಜೊತೆಗಿನ ಪದ. ಒದ್ದೆಯಾದದ್ದು ಎಂದು ಒಂದು ಅರ್ಥ, ಅಲುಗದೆ ನಿಂತದ್ದು ಎಂದು ಇನ್ನೊಂದು. ಅದನ್ನು ಬಳಸಿದರೆ ‘ಸ್ಥಿಮಿತ’ ಎಂದು ಬರೆಯಬೇಡಿ. ‘ಸ್ಥಿರ’ದ ನೆನಪಿನಲ್ಲಿ ಮಾಡುವ ತಪ್ಪು ಅದು.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ಸಲಹೆ: ‘ಗಂಭೀರ’ವನ್ನೇ ಇಟ್ಟುಕೊಳ್ಳಿ, ಆದರೆ ಒಂಟಿಯಾಗಿ ಬಿಡಬೇಡಿ. ‘ಗಂಭೀರ ವ್ಯಕ್ತಿತ್ವದ ತಾವು’ ಎಂದು ಶುರು ಮಾಡಿದಾಗ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಅವರವರ ಮನಸ್ಸಿನಲ್ಲಿರುವ ಅರ್ಥ ಬರುತ್ತದೆ, ಆಸ್ಪತ್ರೆಯೋ ಗಂಟು ಮುಖವೋ. ಮೊದಲು ಘಟನೆ ಹೇಳಿ, ಆಮೇಲೆ ಪದ ಹೇಳಿ. ಹೆಸರುಪದವನ್ನೇ ಬಳಸಿದರೆ ಇನ್ನೂ ಒಳ್ಳೆಯದು. ‘ಸ್ಥಿತಿ ಗಂಭೀರ’ ಎಂದು ಸುದ್ದಿಯಲ್ಲಿ ಬರುವಷ್ಟು ‘ಗಾಂಭೀರ್ಯ’ ಆ ಕಡೆ ಹೋಗಿಲ್ಲ. ಅದು ಇನ್ನೂ ಹಳೆಯ ಹೊಳಪನ್ನು ಉಳಿಸಿಕೊಂಡಿದೆ. ಉದಾಹರಣೆಗೆ ಹೀಗೆ ಬರೆಯಬಹುದು:

‘ಶಾಲೆಗೆ ಕಷ್ಟ ಬಂದ ದಿನ ಮಕ್ಕಳೂ ನಾವೂ ಮೊದಲು ನೋಡಿದ್ದು ತಮ್ಮ ಮುಖವನ್ನು. ಅಲ್ಲಿ ಕಳವಳ ಕಾಣಲಿಲ್ಲ, ಆದ್ದರಿಂದ ನಮಗೂ ಧೈರ್ಯ ಬಂತು. ನಗುವಾಗ ಮಕ್ಕಳೊಡನೆ ಮಗುವಾಗುತ್ತಿದ್ದ ತಮ್ಮ ಗಾಂಭೀರ್ಯ, ಆಳ ನೀರಿನ ಹಾಗೆ, ನಮ್ಮೆಲ್ಲರನ್ನೂ ತಂಪಾಗಿಟ್ಟಿತು.’

ನಗುವಿನ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಮೇಡಂ ಮಕ್ಕಳ ಜೊತೆ ನಿಜವಾಗಿ ನಗುತ್ತಿದ್ದರೆ ಮಾತ್ರ ಇಡಿ. ಇಲ್ಲದಿದ್ದರೆ ಅವರು ಮಾಡುತ್ತಿದ್ದ ಬೇರೆ ಏನನ್ನಾದರೂ ಬರೆಯಿರಿ. ನೋಡಿದವರಿಗೆ ಸುಳ್ಳು ಎಂದು ಗೊತ್ತಾಗುವ ಒಂದು ಪದ ಸಾಕು, ಇಡೀ ಬಿನ್ನವತ್ತಳೆ ಹಗುರವಾಗುತ್ತದೆ.

ಹಲ್ಲಿಯ ವಿಷಯವನ್ನು ಬಿಡಿಸಿ ಹೇಳಬೇಕೇ ಎಂಬುದನ್ನು ನೀವೇ ಯೋಚಿಸಿ. ಆ ದಿನ ಅಳುತ್ತಿದ್ದ ಅಡುಗೆಯಮ್ಮ ಸಭೆಯಲ್ಲಿ ಕೂತಿರಬಹುದು. ಅಧಿಕಾರಿಗಳೂ ಬಂದಿರುತ್ತಾರೆ. ಹೊಗಳುವ ಭರದಲ್ಲಿ ಬೇರೊಬ್ಬರ ಹಳೆಯ ತಪ್ಪು ಎದ್ದು ಕೂರಬಾರದು. ಅದಕ್ಕೇ ನಾನು ‘ಕಷ್ಟ ಬಂದ ದಿನ’ ಎಂದಷ್ಟೇ ಬರೆದೆ. ಗೊತ್ತಿರುವವರಿಗೆ ಗೊತ್ತಾಗುತ್ತದೆ. ಸಂಜೆ ಕಂಡದ್ದನ್ನಂತೂ ದಯವಿಟ್ಟು ಬರೆಯಬೇಡಿ. ಅದನ್ನು ಮೇಡಂ ಯಾರಿಗೂ ತೋರಿಸಲು ಬಯಸಿರಲಿಲ್ಲ. ಹೇಳಲೇಬೇಕು ಅನ್ನಿಸಿದರೆ ಸಮಾರಂಭ ಮುಗಿದ ಮೇಲೆ, ಅವರೊಬ್ಬರೇ ಇರುವಾಗ, ‘ಆವತ್ತು ನಾನು ನೋಡಿದ್ದೆ ಮೇಡಂ’ ಎಂದು ಹೇಳಿ.

ಕೊನೆಗೆ ಕರಡು ತಿದ್ದುವವನ ಎರಡು ಮಾತು. ‘ಗಾಂಭೀರ್ಯತೆ’ ಎಂದ ಬರಹ ನನ್ನ ಕೈಗೆ ಲೆಕ್ಕವಿಲ್ಲದಷ್ಟು ಬಂದಿದೆ. ‘ಗಂಭೀರತೆ’ ಸರಿ, ‘ಗಾಂಭೀರ್ಯ’ ಸರಿ. ಎರಡನ್ನೂ ಕೂಡಿಸಿದ ‘ಗಾಂಭೀರ್ಯತೆ’ ತಪ್ಪು. ಇನ್ನೊಂದು, ಡಿ.ಟಿ.ಪಿ. ಮಾಡುವವರು ‘ಗಂಬೀರ’ ಎಂದು ಹೊಡೆದುಬಿಡುವುದು ಬಹಳ. ಬಿನ್ನವತ್ತಳೆಗೆ ಫ್ರೇಮ್ ಹಾಕಿಸುವ ಮೊದಲು ಒಂದು ಪ್ರಿಂಟ್ ತೆಗೆಸಿ, ‘ಭ’ದ ಹೊಟ್ಟೆ ಸೀಳಿದೆಯೇ ಎಂದು ಕಣ್ಣಿಟ್ಟು ನೋಡಿ. ಅದು ಮೇಡಂ ಮನೆಯ ಗೋಡೆಯ ಮೇಲೆ ಬಹಳ ವರ್ಷ ಇರುವಂಥದ್ದು.